ಅವ್ವನ ಹೆಸರು ಹೇಳಿದ್ದು ವಿಷಯಾಂತರವಲ್ಲ

ಸಂಪಾದಕರಿಗೆ ನಮಸ್ಕಾರ.

ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಯ ವರದಿ ಶುಕ್ರವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕೊನೆಯಲ್ಲಿ ‘ಕೆಲವು ಸಾರ್ವಜನಿಕರು ವಿಷಯಾಂತರ ಮಾಡಿದ್ದರಿಂದ ಗೊಂದಲ ಉಂಟಾಯಿತು’ ಎಂದು ಬರೆದಿದ್ದೀರಿ. ಆ ಸಾರ್ವಜನಿಕರಲ್ಲಿ ನಾನೂ ಒಬ್ಬಳು. ಎದ್ದು ನಿಂತು ಮೊದಲು ಮಾತಾಡಿದವಳೇ ನಾನು. ನಾನು ಏನು ಹೇಳಲು ಹೋಗಿದ್ದೆ ಅನ್ನುವುದು ವರದಿಯಲ್ಲಿ ಒಂದು ಸಾಲೂ ಇಲ್ಲ. ಅದಕ್ಕೆ ಈ ಪತ್ರ.

ನಾನು ಹೊಲಿಗೆ ಕೆಲಸದವಳು. ಮಾಘದ ಮದುವೆಗಳು ಎದುರಿಗಿವೆ. ಹತ್ತೊಂಬತ್ತು ಜಂಪರ್ ಹೊಲಿಯುವುದು ಬಾಕಿ, ಪೀಕೋ ಫಾಲಿನ ಸೀರೆಗಳ ಗಂಟು ಬೇರೆ. ಅಷ್ಟಿದ್ದರೂ ಅಂಗಡಿ ಬಾಗಿಲು ಹಾಕಿ ಹೋದೆ. 11 ಗಂಟೆಗೆ ಸಭೆ ಅಂತ ಆಟೋದಲ್ಲಿ ಮೈಕ್ ಕಟ್ಟಿ ಓಣಿ ಓಣಿ ಕೂಗಿದ್ದರು. ಶುರುವಾಗಿದ್ದು 12.40ಕ್ಕೆ. ನಮಗೆ ಹಾಕಿದ್ದು ಇಪ್ಪತ್ತು ಕುರ್ಚಿ, ಬಂದವರು ಅದರ ಮೂರು ಪಟ್ಟು. ವಯಸ್ಸಾದವರು ಗೋಡೆ ಹಿಡಿದು ನಿಂತಿದ್ದರು. ಕುಡಿಯಲು ಒಂದು ಲೋಟ ನೀರಿಲ್ಲ, ವೇದಿಕೆಯ ಮೇಲೆ ಮಾತ್ರ ಸಾಲಾಗಿ ಬಾಟಲಿ. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬಿಡುವ ಊರಿನಲ್ಲಿ ನೀರಿನ ಬಗ್ಗೆ ಮಾತಾಡಲು ಬಂದವರನ್ನು ಬಾಯಾರಿಸಿ ಕೂರಿಸಿದರು.

ಸಭೆ ಶುರುವಾಗಿದ್ದು ಸಂತಾಪದಿಂದ. ಹಳೆಯ ಸದಸ್ಯರೊಬ್ಬರು, ನಿವೃತ್ತ ಅಧಿಕಾರಿಯೊಬ್ಬರು ತೀರಿಕೊಂಡಿದ್ದರು. ಅವರ ಬಗ್ಗೆ ಆರೇಳು ಮಂದಿ ಮಾತಾಡಿದರು. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ, ಊರಿಗೆ ದುಡಿದವರನ್ನು ನೆನೆಯಬೇಕು. ಒಂದು ನಿಮಿಷ ಮೌನಕ್ಕೆ ಎಲ್ಲರೂ ಏಳುವಾಗ ನಾನು ಕೈ ಎತ್ತಿ ಕೇಳಿದೆ: ಇಪ್ಪತ್ತಾರು ವರ್ಷ ನಮ್ಮ ಓಣಿ ಗುಡಿಸಿದ ಪೌರಕಾರ್ಮಿಕ ಹೆಣ್ಣುಮಗಳು ಹೋದ ತಿಂಗಳು ತೀರಿಕೊಂಡಿದ್ದಾರೆ, ಅವರ ಹೆಸರನ್ನೂ ಸೇರಿಸಿ, ಹೇಗೂ ಎಲ್ಲರೂ ಎದ್ದು ನಿಂತಿದ್ದೀರಲ್ಲ. ಇಷ್ಟೇ ಕೇಳಿದ್ದು. ಅಜೆಂಡಾದಲ್ಲಿ ಇಲ್ಲ, ಕುಳಿತುಕೊಳ್ಳಿ ಅಂದರು. ಇನ್ನೊಮ್ಮೆ ಕೇಳಿದೆ. ಮೈಕ್ ಆಫ್ ಆಯಿತು. ಹೆಸರು ಸೇರಿಸಲು ಎಷ್ಟು ಹೊತ್ತು ಬೇಕಿತ್ತು ಹೇಳಿ?

ಅವರನ್ನು ನಾವೆಲ್ಲ ಅವ್ವ ಅಂತಲೇ ಕರೆಯುತ್ತಿದ್ದೆವು. ಮನೆಯವರನ್ನು ಕೇಳದೆ ಪತ್ರಿಕೆಯಲ್ಲಿ ಹೆಸರು ಬರೆಯುವುದು ಸರಿಯಲ್ಲ, ಹಾಗಾಗಿ ಇಲ್ಲೂ ಅವ್ವ ಅಂತಲೇ ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ನಾನು ಅಂಗಡಿಯ ಮುಂದೆ ನೀರು ಹೊಡೆಯುವಷ್ಟರಲ್ಲಿ ಅವರು ಓಣಿಯ ಆ ತುದಿಯಿಂದ ಅರ್ಧ ಗುಡಿಸಿಕೊಂಡು ಬಂದಿರುತ್ತಿದ್ದರು. ನಾನು ಅಂಗಡಿ ಹಾಕಿದ ಹೊಸದರಲ್ಲಿ ಬಟ್ಟೆ ಚೂರುಗಳನ್ನೆಲ್ಲ ಕಸದ ಜೊತೆ ಸುರಿಯುತ್ತಿದ್ದೆ. ಒಂದು ದಿನ ಬಾಗಿಲಲ್ಲಿ ನಿಂತು, “ಅಕ್ಕಾರ, ಚಿಂದಿ ಕಸದಾಗ ಹಾಕಬ್ಯಾಡ್ರಿ, ಗಟಾರ ಕಟ್ತೈತಿ. ಬ್ಯಾರೆ ಚೀಲದಾಗ ಇಡ್ರಿ, ನಾ ಒಯ್ತೀನಿ” ಅಂದರು. ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ನಗರಸಭೆ ಬೋರ್ಡ್ ಹಾಕುವ ಎಷ್ಟೋ ವರ್ಷ ಮೊದಲಿನ ಮಾತಿದು. ಆ ಚಿಂದಿಯಲ್ಲಿ ಕೌದಿ ಹೊಲಿಯುತ್ತಿದ್ದರು. ನನ್ನ ಮಗ ಹುಟ್ಟಿದಾಗ ಒಂದು ಸಣ್ಣ ಕೌದಿ ತಂದುಕೊಟ್ಟರು. ನನ್ನದೇ ಅಂಗಡಿಯ ಚೂರುಗಳು, ಯಾರ್ಯಾರ ಮದುವೆಯ ಜಂಪರಿನದೋ. ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಕೊರೊನಾ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದಾಗ ಓಣಿಯಲ್ಲಿ ಕೇಳುತ್ತಿದ್ದುದು ಅವರ ಕಸಬರಿಗೆಯ ಸದ್ದು ಒಂದೇ. 2022ರ ಜುಲೈನಲ್ಲಿ ಕಾಯಂ ಮಾಡಿ ಅಂತ ರಾಜ್ಯದಲ್ಲೆಲ್ಲ ಪೌರಕಾರ್ಮಿಕರು ಮುಷ್ಕರ ಮಾಡಿದಾಗ ಅವರೂ ಧರಣಿಗೆ ಕೂತಿದ್ದರು. ಆ ನಾಲ್ಕು ದಿನಕ್ಕೇ ಊರು ಮೂಗು ಮುಚ್ಚಿಕೊಳ್ಳುವಂತಾಗಿತ್ತು. ಅದನ್ನಾದರೂ ವೇದಿಕೆಯ ಮೇಲಿದ್ದವರು ನೆನಪಿಟ್ಟುಕೊಳ್ಳಬಾರದಾ?

ವಯಸ್ಸಾಗಿ ಕೆಲಸದಿಂದ ಇಳಿದ ಮೇಲೆ ಬರಬೇಕಾದ ದುಡ್ಡಿಗಾಗಿ ಅವರು ಅದೇ ಕಚೇರಿಯ ಮೆಟ್ಟಿಲು ಹತ್ತಿ ಇಳಿದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಜೆರಾಕ್ಸ್ ಪ್ರತಿಗಳು. ಪೂರ್ತಿ ದುಡ್ಡು ಕೈಗೆ ಬರುವ ಮೊದಲೇ ಹೋದರು.

ಈಗ ಹೇಳಿ, ಇದು ವಿಷಯಾಂತರವೇ? ನನ್ನ ಮಗ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾನೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ 18 ಕೆಲಸ ಪಟ್ಟಿ ಮಾಡಿದ್ದಾರಂತೆ. ಅದರಲ್ಲಿ ಕಸವೂ ಇದೆ, ಸ್ಮಶಾನವೂ ಇದೆ ಅಂತ ತೋರಿಸಿದ. 700 ಜನರಿಗೆ ಒಬ್ಬ ಪೌರಕಾರ್ಮಿಕ ಅನ್ನುವುದು ಸರ್ಕಾರದ ಲೆಕ್ಕ. ಅವ್ವನ ಜಾಗಕ್ಕೆ ಇವತ್ತಿಗೂ ಯಾರೂ ಬಂದಿಲ್ಲ. ಪಕ್ಕದ ಓಣಿಯ ಹುಡುಗಿಯೇ ಎರಡೂ ಕಡೆ ಗುಡಿಸಿ ಸುಸ್ತಾಗುತ್ತಿದ್ದಾಳೆ. ಇದನ್ನು ಬಜೆಟ್ ಸಭೆಯಲ್ಲಿ ಅಲ್ಲದೆ ಎಲ್ಲಿ ಹೇಳಬೇಕು? ನಾನು ಹೇಳಬೇಕೆಂದಿದ್ದ ಎರಡನೇ ಮಾತು ಅದೇ ಆಗಿತ್ತು. ಮೊದಲನೆಯದಕ್ಕೇ ಮೈಕ್ ಹೋಯಿತು.

ಹಳ್ಳಿಯವರಿಗೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಅಂತ ಒಂದಿದೆ, ಅಲ್ಲಿ ಎದ್ದು ನಿಂತು ಕೇಳಬಹುದು. ವಾರ್ಡ್ ಸಮಿತಿ ಕಡ್ಡಾಯ ಅಂತ ಸಂವಿಧಾನ ಹೇಳುವುದು 3 ಲಕ್ಷಕ್ಕಿಂತ ಕಡಿಮೆ ಇಲ್ಲದ ಊರಿಗೆ. ನಮ್ಮೂರಲ್ಲಿ ಅಷ್ಟು ಜನ ಇಲ್ಲ. ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಮಾತಾಡುವುದು ಸದಸ್ಯರು ಮಾತ್ರ. ಹಾಗಾಗಿ ವರ್ಷಕ್ಕೊಮ್ಮೆ ಬರುವ ಈ ಒಂದು ಸಭೆಯೇ ನಮಗೆ ಉಳಿದಿರುವುದು. ಅದರಲ್ಲೂ ಮಾತಾಡಲು ಬಿಡುವುದಿಲ್ಲ.

ನನ್ನೊಬ್ಬಳದೇ ಆಗಿದ್ದರೆ ಸುಮ್ನೆ ಇರುತ್ತಿದ್ದೆನೇನೋ. ಟ್ಯೂಷನ್ ಮುಗಿಸಿ ಬರುವ ದಾರಿಯಲ್ಲಿ ಬೀದಿದೀಪ ಇಲ್ಲ ಅಂತ ಹೇಳಲು ಒಂಬತ್ತನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಬಂದಿದ್ದಳು. ಅವಳು ಚೀಟಿ ನೋಡಿಕೊಂಡು ಓದುತ್ತಿದ್ದರೆ ವೇದಿಕೆಯ ಮೇಲೆ ಇಬ್ಬರು ಫೋನ್ ನೋಡುತ್ತಿದ್ದರು. ಒಬ್ಬ ಹಿರಿಯರು ತಮಗೆ ಕಲಿಸಿದ ಮುನಸಿಪಾಲ್ಟಿ ಶಾಲೆಯ ಮಾಸ್ತರರ ನೆನಪಿಗೆ ಉದ್ಯಾನದಲ್ಲಿ ಒಂದು ಕಲ್ಲು ಬೆಂಚು ಹಾಕಿಸಿ, ದುಡ್ಡು ನಾನೇ ಕೊಡುತ್ತೇನೆ ಅಂದರು. ಲಿಖಿತವಾಗಿ ಕೊಡಿ ಅಂದರು. ಅವರು ಲಿಖಿತವಾಗಿಯೇ ತಂದಿದ್ದರು. ಹಾಗಾದರೆ ಟಪಾಲು ವಿಭಾಗಕ್ಕೆ ಕೊಡಿ ಅಂದರು. ಟಪಾಲಿನವರು ಊಟಕ್ಕೆ ಹೋಗಿದ್ದರು. ನಾನೂ ಅವರ ಜೊತೆ ಮೂರು ಗಂಟೆಯವರೆಗೆ ಕಾದೆ. ನನ್ನ ಅರ್ಜಿ ತೆಗೆದುಕೊಂಡರು, ಸ್ವೀಕೃತಿಗೆ ಸಹಿ ಹಾಕಿ ಅಂದರೆ ಸೀಲು ಒಳಗಿದೆ, ನಾಳೆ ಬನ್ನಿ. ನಾಳೆ ಮತ್ತೆ ಅಂಗಡಿ ಮುಚ್ಚಬೇಕಾ?

ಈ ‘ನಾಳೆ ಬನ್ನಿ’ ಇವತ್ತಿನದಲ್ಲ. ಇ-ಖಾತೆಗೆ ನಾನು ಏಳು ಸಲ ಓಡಾಡಿದ್ದೇನೆ. ಒಳಚರಂಡಿಗೆ (ಯುಜಿಡಿ) ಅಂತ ಅಗೆದ ರಸ್ತೆಯನ್ನು ಮುಚ್ಚಿದ್ದು ಎರಡು ಮಳೆಗಾಲ ಕಳೆದ ಮೇಲೆ. ಕಂದಾಯ ಮಾತ್ರ ಏಪ್ರಿಲ್‌ನಲ್ಲೇ ಕಟ್ಟುತ್ತೇನೆ, 5% ರಿಯಾಯಿತಿ ಸಿಗಲಿ ಅಂತ. ತಡಮಾಡಿದರೆ ನಮಗೆ ತಿಂಗಳಿಗೆ 2% ದಂಡ. ಅವ್ವನ ದುಡ್ಡು ತಡಮಾಡಿದವರಿಗೆ ಯಾವ ದಂಡ? 2018ರ ಆಗಸ್ಟ್ 31ರಂದು ನಗರಸಭೆ ಚುನಾವಣೆಗೆ ಸಾಲಿನಲ್ಲಿ ನಿಂತು ಮತ ಹಾಕಿದೆವು. ಅಧ್ಯಕ್ಷರ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಕೊಂಡು ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ. ಅಧ್ಯಕ್ಷರ ಮೊದಲ ಅವಧಿ ಮುಗಿದ ಮೇಲೆ ಮತ್ತೆ ಒಂದು ವರ್ಷಕ್ಕಿಂತ ಜಾಸ್ತಿ ಅದೇ ಕಥೆ. ಅಷ್ಟೂ ದಿನ ಕೇಳಲು ಹೋದರೆ ಆಡಳಿತಾಧಿಕಾರಿಯನ್ನು ಕೇಳಿ ಅಂದರು, ಅವರು ಜಿಲ್ಲಾ ಕಚೇರಿಯಲ್ಲಿದ್ದಾರೆ ಅಂದರು. ಈಗ ಎಲ್ಲರೂ ಎದುರಿಗೇ ಕೂತಿದ್ದಾರೆ, ಅಜೆಂಡಾದಲ್ಲಿ ಇಲ್ಲ ಅನ್ನುತ್ತಾರೆ.

ಪ್ರತಿ ವರ್ಷ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ ಮಾಡುತ್ತಾರಲ್ಲ, ಅವತ್ತು ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುವವರು ಇವರೇ. ಅವ್ವನಿಗೂ ಒಂದು ವರ್ಷ ಶಾಲು ಹಾಕಿದ್ದರು. ಬದುಕಿದ್ದಾಗ ಶಾಲು ಹಾಕಲು ಬರುತ್ತದೆ, ಸತ್ತಾಗ ಹೆಸರು ಹೇಳಲು ನಾಲಗೆ ಏಳುವುದಿಲ್ಲ. ನಾಚಿಕೆಯಾಗಬೇಕು.

ನಗರಸಭೆಯವರು ಮುಂದಿನ ಸಭೆಯಲ್ಲಿ ಅವ್ವನ ಹೆಸರಿನಲ್ಲಿ ಸಂತಾಪದ ಠರಾವು ಮಾಡಬೇಕು. ಮಾಡಿದ ಠರಾವಿನ ಪ್ರತಿ ಅವರ ಮನೆಗೆ ಹೋಗಿ ಕೊಡಬೇಕು, ಬಾಕಿ ದುಡ್ಡನ್ನೂ ಕೊಡಬೇಕು. ಆ ಹುಡುಗಿಯ ದಾರಿಗೆ ದೀಪ ಹಾಕಬೇಕು. ಇದೆಲ್ಲ ಆಗುವುದಿಲ್ಲ ಅಂದರೆ ಇನ್ನು ಮೇಲೆ ಸಾರ್ವಜನಿಕರೇ ಬನ್ನಿ ಅಂತ ಆಟೋದಲ್ಲಿ ಮೈಕ್ ಕಟ್ಟಿ ನಮ್ಮ ಓಣಿಗೆ ಬರಬೇಡಿ. ನಿಮ್ಮ ವರದಿಗಾರರಿಗೂ ಒಂದು ಮಾತು: ವಿಷಯಾಂತರ ಅಂತ ಬರೆದಿದ್ದನ್ನು ತಿದ್ದಿ ಪ್ರಕಟಿಸಿ. ಇಲ್ಲದಿದ್ದರೆ ಒಮ್ಮೆ ಬೆಳಿಗ್ಗೆ ಆರಕ್ಕೆ ನಮ್ಮ ಓಣಿಗೆ ಬಂದು ನೋಡಿ, ಅವ್ವ ಗುಡಿಸದ ಓಣಿ ಹೇಗಿದೆ ಅಂತ.

ಇತಿ,
19ನೇ ವಾರ್ಡಿನ ಓದುಗಳು