ಸಿಬ್ಬಂದಿ ಕಡಿಮೆಯಾಗುವಾಗ: ಗುಂಪಿನವರಿಗೆ ಕೆಲವು ಮಾತು

ಎಲ್ಲರಿಗೂ ನಮಸ್ಕಾರ. ಅನುದಾನ ಮುಗಿದು ತಂಡ ಚಿಕ್ಕದಾಗುತ್ತಿರುವ ಸೇವಾ ಸಂಸ್ಥೆಗಳನ್ನು ನಡೆಸುವವರು ಇಲ್ಲಿ ಹಲವರಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾರ ಕೆಲಸ ಹೋಗುತ್ತದೆ ಅಂತ ಗೊತ್ತಾದ ಮೇಲೆ ಸುಮ್ನೆ ಮುಚ್ಚಿಡಬೇಡಿ. ಎದುರು ಕೂತು ಹೇಳಿ. ಕೊನೆಯ ದಿನ, ಬಾಕಿ ಸಂಬಳ, ರಜೆ ಹಣ, ಅನುಭವ ಪತ್ರ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಆ ಗಾಬರಿಯಲ್ಲಿ ಬಾಯಲ್ಲಿ ಹೇಳಿದ್ದು ತಲೆಗೆ ಹೋಗುವುದಿಲ್ಲ.

ಉಳಿದವರ ಕಡೆಗೂ ಗಮನ ಬೇಕು. ನಮ್ಮಲ್ಲಿ ಜನ ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡು ದುಡಿಯುತ್ತಾರೆ, ಸುಸ್ತಾದರೂ ಬಾಯಿ ಬಿಡುವುದಿಲ್ಲ. ಮೂವರ ಕೆಲಸ ಇಬ್ಬರ ಹೆಗಲಿಗೆ ಬೀಳುವ ಮುಂಚೆ, ಯಾವ ಕೆಲಸ ನಿಲ್ಲಿಸುತ್ತೇವೆ ಅಂತ ನೀವೇ ಹೇಳಿ. ಅದನ್ನೆಲ್ಲ ಸ್ವಯಂಸೇವಕರಿಗೆ ದಾಟಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಕೆಲಸ ಬಿಟ್ಟು ಹೋಗುವವರ ಹತ್ತಿರ ಇರುವುದು ಕಡತ ಮಾತ್ರ ಅಲ್ಲ, ಅವರು ಭೇಟಿ ಮಾಡುತ್ತಿದ್ದ ಮನೆಗಳ ಪರಿಚಯವೂ ಇರುತ್ತದೆ. ಯಾವ ಹೊತ್ತಿಗೆ ಹೋದರೆ ಆ ತಾಯಿ ಮಾತಿಗೆ ಸಿಗುತ್ತಾರೆ, ಯಾವ ಮಗು ಹೊಸಬರನ್ನು ಕಂಡರೆ ಹೆದರುತ್ತದೆ, ಇವು ಯಾವ ವರದಿಯಲ್ಲೂ ಇರುವುದಿಲ್ಲ ಅಲ್ವಾ? ಕೊನೆಯ ವಾರಗಳಲ್ಲಿ ಹೋಗುವವರು, ಅವರ ಕೆಲಸ ವಹಿಸಿಕೊಳ್ಳುವವರು ಜೊತೆಯಾಗಿ ಭೇಟಿಗೆ ಹೋಗಲಿ. ಪಾಸ್‌ವರ್ಡ್, ಬ್ಯಾಂಕ್ ಸಹಿ ಬದಲಾವಣೆಯೂ ಅಷ್ಟರೊಳಗೆ ಮುಗಿಯಲಿ.

ಇನ್ನೊಂದು ವಿಷಯ. ಒಂದೇ ಯೋಜನೆಗೆ ಮೀಸಲಾದ ಹಣವನ್ನು ಬೇರೆಯವರ ಸಂಬಳಕ್ಕೆ ಬಳಸಬೇಕಿದ್ದರೆ ಮೊದಲು ದಾನಿಗಳಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕೇಳಿದರೆ ಅವಧಿ ಮುಂದುವರಿಸುವ ದಾನಿಗಳೂ ಇದ್ದಾರೆ. ಕೊನೆಯ ತಿಂಗಳವರೆಗೆ ಕಾಯದೆ ಈಗಲೇ ಪತ್ರ ಹಾಕಿ.