ನಮ್ಮ ಮಾಡು ಸೋರಿದಾಗ ಬಂದವರಿಗೆ

ನಿನ್ನೆ ಮೇಲಿನ ಕೋಣೆಗೆ ಕೊನೇ ಕೋಟ್ ಬಣ್ಣ ಬಿತ್ತು. ಹದಿನೈದು ತಿಂಗಳಾಯಿತು ಆ ಕೋಣೆಯ ಬಾಗಿಲು ಹಾಕಿ. ಮುಂದಿನ ತಿಂಗಳು ಸಾಗರದಿಂದ ಅಮ್ಮ ಬರುತ್ತಾರೆ, ಅಲ್ಲೇ ಮಲಗುತ್ತಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದುಕೊಂಡಿದ್ದೆ. ಆದರೆ ಫೋನ್ ಮಾಡಿದರೆ "ಅಯ್ಯೋ ಅದೇನು ಮಹಾ ಬಿಡಿ" ಅಂತ ನೀವೆಲ್ಲ ಮಾತು ಮುಗಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ರಿಚ್‌ಫೀಲ್ಡ್‌ನಲ್ಲಿ, ಏರ್‌ಪೋರ್ಟ್ ಮಗ್ಗುಲಲ್ಲೇ. 1950ರ ಸುಮಾರಿಗೆ ಕಟ್ಟಿದ ಒಂದೂವರೆ ಮಹಡಿ ಮನೆ. ಇಲ್ಲಿ ಬೀದಿಗೆ ಬೀದಿಯೇ ಇಂಥವು. ಅರ್ಧ ಮಹಡಿ ಅಂದರೆ ಅಟ್ಟವನ್ನೇ ಕೋಣೆ ಮಾಡಿರುತ್ತಾರೆ. ಇಳಿಜಾರು ಮಾಡೇ ಒಳಗಿನ ಗೋಡೆ, ಎದ್ದರೆ ತಲೆಗೆ ತಾಗುತ್ತದೆ. ಕೊಳ್ಳುವಾಗ "ನಮ್ಮೂರ ಅಟ್ಟದ ಹಾಗೇ ಇದೆ" ಅಂತ ಖುಷಿಪಟ್ಟವಳು ನಾನೇ.

2022–23ರ ಚಳಿಗಾಲ ಇಲ್ಲಿದ್ದವರಿಗೆ ಮರೆಯುವಂಥದ್ದಲ್ಲ. ಏರ್‌ಪೋರ್ಟಿನ ಲೆಕ್ಕದಲ್ಲಿ ಒಟ್ಟು 90 ಇಂಚು ಸ್ನೋ. ಮಾಮೂಲಿ ವರ್ಷ ಅದು 50ರ ಆಸುಪಾಸು. ಈ ಊರಿನ ದಾಖಲೆಯಲ್ಲೇ ಮೂರನೇ ಸ್ಥಾನ. ಜನವರಿ ಮೊದಲ ವಾರ ಒಂದೇ ಹೊಡೆತಕ್ಕೆ ಒಂದಡಿಗಿಂತ ಜಾಸ್ತಿ ಬಿತ್ತು. ಆಗ ನಮ್ಮನೆಯವರು ಮಾವನ ಆಪರೇಷನ್ ಅಂತ ಮೈಸೂರಿನಲ್ಲಿದ್ದರು. ಇಲ್ಲಿ ನಾನು ಮತ್ತು ಆರು ವರ್ಷದ ಮಗಳು, ಇಬ್ಬರೇ.

ಸೂರಿನ ಉದ್ದಕ್ಕೂ ಆಳೆತ್ತರದ ಐಸಿನ ಕಡ್ಡಿಗಳು ಇಳಿಬಿದ್ದಿದ್ದವು. ಬೆಳಿಗ್ಗೆ ಬಿಸಿಲಿಗೆ ಹೊಳೆಯುತ್ತಿದ್ದವು. ಮಗಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದು ಮನೆಯವರ ಗುಂಪಿಗೆ ಕಳಿಸಿದೆ. ಎಲ್ಲರೂ "ಸ್ವರ್ಗ ಸ್ವರ್ಗ" ಅಂದರು. ಎದುರು ಮನೆಯ ಅಜ್ಜ ಮಾತ್ರ ರಸ್ತೆ ದಾಟಿ ಬಂದು, ಮೊದಲು ಮಗುವನ್ನು ಅಲ್ಲಿಂದ ಈಚೆ ಕರಿ ಅಂದರು, ಆಮೇಲೆ ಅಟ್ಟದಲ್ಲಿ ನೀರು ಬರುತ್ತಿದೆಯಾ ಅಂತ ಕೇಳಿದರು. ಇಲ್ಲ ಅಂದೆ. "ಬರುತ್ತೆ" ಅಂದು ಹೋದರು. ಆ ರಾತ್ರಿ ಎರಡು ಗಂಟೆಗೆ ಬಂತು.

ಐಸ್ ಡ್ಯಾಮ್ ಅಂದರೆ ಏನು ಅಂತ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ, ಊರಲ್ಲಿ ಇರುವವರಿಗೂ ಗೊತ್ತಿರಲಿಕ್ಕಿಲ್ಲ. ಮನೆಯೊಳಗಿನ ಬಿಸಿ ಗಾಳಿ ಸಂದಿಗೊಂದಿಯಲ್ಲಿ ಅಟ್ಟಕ್ಕೆ ಏರಿ ಮಾಡನ್ನು ಬೆಚ್ಚಗೆ ಮಾಡುತ್ತದೆ, ಅದರ ಮೇಲಿನ ಸ್ನೋ ಅಡಿಯಿಂದ ಕರಗುತ್ತದೆ, ಆ ನೀರು ಸ್ನೋ ಕೆಳಗೇ ಹರಿದು ಸೂರಿಗೆ ಬರುತ್ತದೆ. ಸೂರಿನ ಕೆಳಗೆ ಮನೆ ಇಲ್ಲವಲ್ಲ, ಅಲ್ಲಿ ಬಿಸಿಯೂ ಇಲ್ಲ, ಹಾಗಾಗಿ ಅಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ. ದಿನ ದಿನವೂ ಹೀಗಾಗಿ ಅಂಚಿನಲ್ಲಿ ಒಂದು ಕಟ್ಟೆಯೇ ಏಳುತ್ತದೆ. ಹಿಂದೆ ನೀರು ನಿಲ್ಲುತ್ತದೆ. ಇಲ್ಲಿನ ಶಿಂಗಲ್‌ಗಳೂ ನಮ್ಮ ಹೆಂಚಿನ ಹಾಗೇ ಒಂದರ ಮೇಲೊಂದು ಹೊದಿಸಿದ್ದು, ಹರಿದು ಹೋಗುವ ನೀರಿಗೆ ಸರಿ, ನಿಂತ ನೀರಿಗಲ್ಲ. ನಿಂತ ನೀರು ಮೇಲಕ್ಕೆ ನುಗ್ಗಿ ಒಳಗಿಳಿಯುತ್ತದೆ.

ಅಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು. "ಮಳೇನೇ ಇಲ್ಲ ಅಂತೀಯ, ಮನೆ ಹ್ಯಾಗೆ ಸೋರತ್ತೆ? ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋ ಹಾಗೆ ನಿಮ್ಮಲ್ಲಿ ಯಾರೂ ಮಾಡಲ್ವಾ?" ಅಂದರು. ನಗು ಬಂತು. ಈಗ ಯೋಚಿಸಿದರೆ ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಆರು ವರ್ಷ ಆ ಮನೆಯಲ್ಲಿದ್ದು ಒಮ್ಮೆಯೂ ಅಟ್ಟದ ಮೂಲೆಗೆ ಇಣುಕಿರಲಿಲ್ಲ ನಾವು.

ಮೊದಲ ಥ್ಯಾಂಕ್ಸ್ ಇಲ್ಲೇ ಹತ್ತಿರದ ಪ್ಲಿಮತ್ ಊರಿನ ಅಣ್ಣನಿಗೆ. ರಾತ್ರಿ ಎರಡೂವರೆಗೆ ಫೋನ್ ಎತ್ತಿದಿರಿ. ಸೀಲಿಂಗ್‌ನ ಬಣ್ಣ ನೀರು ತುಂಬಿ ಬಲೂನಿನ ಹಾಗೆ ಉಬ್ಬಿ ನಿಂತಿತ್ತು. ನಾನು ಅದನ್ನು ಮುಟ್ಟಲೂ ಹೆದರಿ ಅಳುತ್ತಿದ್ದೆ. "ಮೊದಲು ಆ ಕೋಣೆಯ ಬ್ರೇಕರ್ ಆಫ್ ಮಾಡಮ್ಮ. ಕೆಳಗೆ ಬಕೆಟ್ ಇಡು. ಈಗ ಸ್ಕ್ರೂಡ್ರೈವರ್‌ನಿಂದ ಉಬ್ಬಿದ ಕಡೆ ಒಂದು ತೂತು ಹಾಕು" ಅಂದಿರಿ. ಮನೆಗೆ ನಾನೇ ತೂತು ಹಾಕೋದಾ ಅಂದೆ. ಹಾಕದಿದ್ದರೆ ಇಡೀ ಸೀಲಿಂಗ್ ಬೀಳುತ್ತೆ ಅಂದಿರಿ. ಹಾಕಿದೆ. ಒಂದೂವರೆ ಬಕೆಟ್ ಚಹಾ ಬಣ್ಣದ ನೀರು. ಬೆಳಗಾಗುವ ಹೊತ್ತಿಗೆ ಆ ಜಾರುವ ರಸ್ತೆಯಲ್ಲಿ ನೀರೆಳೆಯುವ ವ್ಯಾಕ್ಯೂಮ್ ಹೊತ್ತುಕೊಂಡು ನೀವೇ ಬಾಗಿಲಲ್ಲಿ ನಿಂತಿದ್ದಿರಿ.

ಎದುರು ಮನೆ ಅಜ್ಜನಿಗೆ ಕನ್ನಡ ಬರುವುದಿಲ್ಲ, ಆದರೂ ಅವರ ಬಗ್ಗೆ ಬರೆಯದೆ ಇದು ಪೂರ್ತಿಯಾಗುವುದಿಲ್ಲ. ಎಪ್ಪತ್ತೈದು ದಾಟಿದೆ. ನಾನು ಸುತ್ತಿಗೆ ಹಿಡಿದು ಏಣಿ ಹುಡುಕುತ್ತಿದ್ದಾಗ ಓಡಿ ಬಂದು ತಡೆದರು. ಐಸ್ ಒಡೆಯಲು ಹೋದರೆ ಕೆಳಗಿನ ಶಿಂಗಲ್ಲೂ ಒಡೆಯುತ್ತದೆ, ಜೊತೆಗೆ ಸೊಂಟವೂ, ಅಂತ. ಅವರು ತಂದಿದ್ದು ಏನು ಅಂದರೆ, ಹೆಂಡತಿಯ ಹಳೇ ನೈಲಾನ್ ಉದ್ದ ಸಾಕ್ಸ್‌ಗಳು ಮತ್ತು ಒಂದು ಡಬ್ಬ ಕ್ಯಾಲ್ಸಿಯಂ ಕ್ಲೋರೈಡ್. ಸಾಕ್ಸ್‌ಗೆ ಅದನ್ನು ತುಂಬಿ, ಗಂಟು ಹಾಕಿ, ಕಟ್ಟೆಗೆ ಅಡ್ಡಲಾಗಿ ಸೂರಿನಿಂದ ಹೊರಗೆ ಇಳಿಬೀಳುವ ಹಾಗೆ ಇಡಬೇಕು. ಅದು ನಿಧಾನಕ್ಕೆ ಐಸ್ ಕರಗಿಸಿ ಒಂದು ಕಾಲುವೆ ಕೊರೆಯುತ್ತದೆ, ನಿಂತ ನೀರು ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಅಡುಗೆ ಉಪ್ಪಿನ ಜಾತಿಯದ್ದು ಬೇಡ, ಮಾಡೂ ಹಾಳು ಗಿಡವೂ ಹಾಳು ಅಂದರು. ನಮ್ಮ ಮನೆಯ ಸೂರಿನಿಂದ ಆರು ಕಾಲುಗಳು ನೇತಾಡುತ್ತಿದ್ದ ಆ ದೃಶ್ಯ ನೋಡಿ ಪೋಸ್ಟ್‌ಮ್ಯಾನ್ ಒಂದು ನಿಮಿಷ ನಿಂತೇಬಿಟ್ಟ. ಹಾಸ್ಯಾಸ್ಪದವೇ, ಆದರೆ ಸಂಜೆಯೊಳಗೆ ತೊಟ್ಟಿಕ್ಕುವುದು ಅರ್ಧಕ್ಕರ್ಧ ಕಮ್ಮಿಯಾಗಿತ್ತು. ಆಮೇಲೆ ಫೆಬ್ರವರಿಯಲ್ಲಿ ಮತ್ತೊಂದು ದೊಡ್ಡ ಬಿರುಗಾಳಿ ಬಂದಾಗ, ನಾನು ಏಳುವ ಮೊದಲೇ ಅವರು ನೆಲದ ಮೇಲೆ ನಿಂತು ಉದ್ದ ಕೋಲಿನ ರೇಕ್‌ನಿಂದ ನಮ್ಮ ಮಾಡಿನ ಕೆಳಗಿನ ನಾಲ್ಕಡಿ ಸ್ನೋ ಎಳೆದು ಹಾಕಿದ್ದರು. ಅವರ ಋಣಕ್ಕೆ ಒಂದು ಡಬ್ಬ ಚಕ್ಕುಲಿ ಕೊಟ್ಟೆ. ಬಿಯರ್ ಜೊತೆ ಚೆನ್ನಾಗಿರುತ್ತೆ ಅಂದರು.

ಸ್ಟೀಮ್ ಹಾಕಿ ಐಸ್ ತೆಗೆಯುವವರು ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಊರಿಡೀ ಅವರ ಹಿಂದೆ ಬಿದ್ದಿತ್ತು. ಬಿಲ್ಲಿನ ಮಾತು ಬೇಡ.

ಇನ್ಶೂರೆನ್ಸ್‌ನವರ ಹೆಸರು ಹೇಳುವುದಿಲ್ಲ. ಒಳಗಿನ ನೀರಿನ ಹಾನಿಗೆ ದುಡ್ಡು ಕೊಡುತ್ತೇವೆ, ಐಸ್ ತೆಗೆಸಿದ್ದಕ್ಕೆ ಕೊಡಲ್ಲ ಅಂದರು. ಐಸ್ ತೆಗೆಸದೆ ಇದ್ದರೆ ನೀರಿನ ಹಾನಿ ನಿಲ್ಲುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಆದರೆ ಅಷ್ಟಾದರೂ ಬಂದಿದ್ದು ಈಗನ್ ಊರಿನ ಅಕ್ಕ, ನಿಮ್ಮಿಂದ. ಒದ್ದೆ ಕಾರ್ಪೆಟ್ ಹೊರಗೆಸೆಯಲು ಹೊರಟವಳನ್ನು ತಡೆದು, ಪ್ರತಿಯೊಂದರ ಫೋಟೋ ತೆಗೆಸಿ, ಕಾರ್ಪೆಟ್‌ನ ಒಂದು ತುಂಡು ಕತ್ತರಿಸಿ ಎತ್ತಿಡಿಸಿದಿರಿ. ಎರಡು ತಿಂಗಳ ಮೇಲೆ ಬಂದವರು ಕೇಳಿದ್ದು ಆ ತುಂಡನ್ನೇ.

ಅದಕ್ಕಿಂತ ದೊಡ್ಡದು, ಹನ್ನೊಂದು ದಿನ ನಿಮ್ಮ ಬೇಸ್‌ಮೆಂಟ್‌ನಲ್ಲಿ ನಮ್ಮನ್ನಿಟ್ಟುಕೊಂಡಿದ್ದು. ಒದ್ದೆಯಾದದ್ದು ಒಂದೆರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಮಗಳಿಗೆ ಮೊದಲೇ ವೀಸಿಂಗ್. ಮನೆಯಲ್ಲಿ ಐದು ದೊಡ್ಡ ಫ್ಯಾನ್, ಗಾಳಿಯ ತೇವ ಹೀರುವ ಎರಡು ಡಿಹ್ಯುಮಿಡಿಫೈಯರ್ ಹಗಲೂ ರಾತ್ರಿ ವಿಮಾನದ ಹಾಗೆ ಕೂಗುತ್ತಿದ್ದವು. ಮಗಳು ಈಗಲೂ ನಿಮ್ಮನೆಯನ್ನು "ಹೋಟೆಲ್" ಅನ್ನುತ್ತಾಳೆ. ಅಕ್ಕನ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಅವಳ ಜಡೆ ಹಾಕುತ್ತಿದ್ದರು. ಶಾಲೆಗೆ ಅಷ್ಟು ಬಿಗಿ ಜಡೆಯಲ್ಲಿ ಅವಳು ಹೋಗಿದ್ದು ಆ ಹನ್ನೊಂದೇ ದಿನ.

ಇಲ್ಲಿನ ಕನ್ನಡ ಕೂಟದ ಸಂಕ್ರಾಂತಿಗೆ ನಾನು ಬರಲಿಲ್ಲ. ಬದಲಿಗೆ ಸಂಕ್ರಾಂತಿಯೇ ಮನೆಗೆ ಬಂತು. ಎಳ್ಳು ಬೆಲ್ಲ, ಎರಡು ಥರ ಪೊಂಗಲ್, ಯಾರೋ ಕಟ್ಟಿಕೊಟ್ಟ ಬಿಸಿಬೇಳೆಬಾತ್. ಪ್ಲಾಸ್ಟರ್ ಧೂಳಿನ ನಡುವೆ ನೆಲದ ಮೇಲೆ ಕೂತು ತಿಂದೆವು.

ಬೇಸಿಗೆಯಲ್ಲಿ ಮಾಡಿಸಿದ ರಿಪೇರಿಗೆ ಬುದ್ಧಿ ಹೇಳಿದ ಆ ಹುಡುಗನಿಗೂ ಥ್ಯಾಂಕ್ಸ್. ನಾನು ಸೀದಾ ಹೊಸ ಶಿಂಗಲ್ ಹಾಕಿಸಲು ಹೊರಟಿದ್ದೆ. "ಅಕ್ಕಾ, ತೂತು ಇರೋದು ಮಾಡಿನಲ್ಲಲ್ಲ, ಸೀಲಿಂಗ್‌ನಲ್ಲಿ" ಅಂದೆಯಲ್ಲ, ಆಗ ಒಂದಕ್ಷರ ಅರ್ಥವಾಗಲಿಲ್ಲ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿ ಹೊರಗೆಳೆದು, ಶಾಖ ತೋರಿಸುವ ಕ್ಯಾಮೆರಾ ಹಿಡಿದು ನೋಡಿದಾಗ ಗೊತ್ತಾಯಿತು. ಸೀಲಿಂಗ್ ಒಳಗೆ ಹುದುಗಿಸಿದ್ದ ಚೆಂದದ ಲೈಟುಗಳ ಸುತ್ತ ಸಂದು. ಬಚ್ಚಲಿನ ಫ್ಯಾನ್ ಅಂತೂ ಬಿಸಿನೀರ ಹಬೆಯನ್ನೆಲ್ಲ ಹೊರಗೆ ಬಿಡದೆ ಅಟ್ಟಕ್ಕೇ ಬಿಡುತ್ತಿತ್ತು. ಮೊದಲು ಸಂದು ಮುಚ್ಚಿ, ಆಮೇಲೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜನರಿಗೆ ಮಾಹಿತಿ ಕೊಡುವ ಎಕ್ಸ್‌ಟೆನ್ಷನ್ ವಿಭಾಗದವರ ಸಲಹೆಯೂ ಇದೇ. ಶಿಂಗಲ್ ಹಳೆಯದೇ ಉಳಿಯಿತು.

ಸರಿಯಾಯಿತಾ ಅಂತ ಕೇಳಬೇಡಿ. ಅಷ್ಟೆಲ್ಲ ಖರ್ಚು ಮಾಡಿ ಕಾದು ಕೂತರೆ, ಈ ಸಲ, ಅಂದರೆ 2023–24ರ ಚಳಿಗಾಲದಲ್ಲಿ, ಸ್ನೋನೇ ಬರಲಿಲ್ಲ! ಇಲ್ಲಿ ದಾಖಲಾದ ಚಳಿಗಾಲಗಳಲ್ಲೇ ಅತಿ ಬೆಚ್ಚನೆಯದಂತೆ. ಮಾರ್ಚ್ ಕೊನೆಗೆ ಒಂದಿಷ್ಟು ಬಿತ್ತು. ಆ ರಾತ್ರಿ ಟಾರ್ಚ್ ಹಿಡಿದು ಮೂರು ಸಲ ಮೇಲೆ ಹೋಗಿ ಸೀಲಿಂಗ್ ಮುಟ್ಟಿ ಬಂದೆ. ಒಣಗಿತ್ತು. ಅಜ್ಜ ಮಾತ್ರ ಆ ಉದ್ದ ಕೋಲಿನ ರೇಕನ್ನು ನಮ್ಮ ಗರಾಜಿನಲ್ಲೇ ಬಿಟ್ಟಿದ್ದಾರೆ, ವಾಪಸ್ ಬೇಡವಂತೆ.

ಕೊನೆಗೊಂದು ವಿಷಯ. ಬಿಸಿಬೇಳೆಬಾತ್ ಬಂದ ದೊಡ್ಡ ಸ್ಟೀಲ್ ಪಾತ್ರೆ ಇನ್ನೂ ನಮ್ಮಲ್ಲೇ ಇದೆ. ಸೋರುವ ಕಡೆ ಅದನ್ನೂ ಇಟ್ಟಿದ್ದೆ, ಕ್ಷಮಿಸಿ, ಚೆನ್ನಾಗಿ ತೊಳೆದಿದ್ದೇನೆ. ಅಂಚಿನಲ್ಲಿ "ಕೆ. ಎಸ್." ಅಂತ ಕೆತ್ತಿಸಿದೆ. ನಿಮ್ಮದಾದರೆ ತಿಳಿಸಿ, ಖಾಲಿ ಅಂತೂ ಕೊಡಲ್ಲ.