‘ದಕ್ಷಿಣ ಕರಾವಳಿ’ ಎಂದರೆ ನಮ್ಮ ಕರಾವಳಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಪಶ್ಚಿಮ ಆಫ್ರಿಕಾ–ದಕ್ಷಿಣ ಕರಾವಳಿ ಸಿಗಡಿ’ ಎಂಬ ಅಡುಗೆ ಪ್ರಕಟವಾಗಿದೆ. ಹೆಸರು ನೋಡಿ ಒಳಗೆ ಓದಿದರೆ ಸಿಗುವುದು ಒಂದು ಲೋಟ ತೆಂಗಿನ ಹಾಲು, ಗರಂ ಮಸಾಲೆ, ಕರಿಬೇವಿನ ಒಗ್ಗರಣೆ. ಇಂಗ್ಲಿಷ್ ಹೆಸರಿನ ‘ಸದರ್ನ್’ ಎಂಬ ಪದವನ್ನು ಕನ್ನಡಕ್ಕೆ ತರುವಾಗಲೇ ಎಡವಟ್ಟಾಗಿದೆ. ಇಲ್ಲಿ ಅದರ ಅರ್ಥ ಅಮೆರಿಕದ ದಕ್ಷಿಣದ ರಾಜ್ಯಗಳು, ಅದರಲ್ಲೂ ಸೌತ್ ಕೆರೊಲಿನಾ ಮತ್ತು ಜಾರ್ಜಿಯಾದ ಕಡಲಂಚು. ಮಲ್ಪೆಯೂ ಅಲ್ಲ, ಮಂಗಳೂರೂ ಅಲ್ಲ. ನೀವು ಹಾಕಿದ ಅಡುಗೆ ಕೆಟ್ಟದ್ದೇನಲ್ಲ, ಒಳ್ಳೆಯ ಗಸಿಯೇ ಆದೀತು. ಹೆಸರಿಗೂ ಅದಕ್ಕೂ ಸಂಬಂಧವಿಲ್ಲ ಅಷ್ಟೆ.

ಆ ಕಡಲಂಚಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಿಂದ ಭತ್ತದ ತೋಟಗಳು ಎದ್ದವು. ದುಡಿಯಲು ಆಫ್ರಿಕಾದಿಂದ ಗುಲಾಮರಾಗಿ ಹೊತ್ತು ತಂದವರಲ್ಲಿ ಪಶ್ಚಿಮ ಆಫ್ರಿಕಾದ ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯ ಭತ್ತದ ನಾಡಿನವರು ಅನೇಕರಿದ್ದರು. ಅವರ ಸಂತತಿಯೇ ಇಂದಿನ ಗಲ್ಲಾ ಗೀಚಿ ಜನ. ನಾರ್ತ್ ಕೆರೊಲಿನಾದಿಂದ ಫ್ಲೋರಿಡಾದವರೆಗಿನ ಅವರ ಕರಾವಳಿಯನ್ನು 2006ರಲ್ಲಿ ಅಮೆರಿಕದ ಸಂಸತ್ತು ಪರಂಪರೆಯ ವಲಯವೆಂದು ಗುರುತಿಸಿತು. ಬೆಂಡೆಕಾಯಿಯ ‘ಓಕ್ರಾ’ ಎಂಬ ಇಂಗ್ಲಿಷ್ ಹೆಸರು ಬಂದದ್ದೂ ಪಶ್ಚಿಮ ಆಫ್ರಿಕಾದ ಇಗ್ಬೊ ಭಾಷೆಯಿಂದ. ಶೇಂಗಾ ಮಾತ್ರ, ನಿಮ್ಮ ಪುರವಣಿ ಬರೆದಂತೆ, ಆಫ್ರಿಕಾದ ಮೂಲದ್ದಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗು ಹತ್ತಿ ಆಫ್ರಿಕಾ ಸೇರಿ, ಸೆನೆಗಲ್, ಮಾಲಿಯಲ್ಲಿ ‘ಮಾಫೆ’ ಎಂಬ ಗಟ್ಟಿ ಸಾರಾಯಿತು. ಆ ಶೇಂಗಾ ಸಾರಿಗೆ ಸಿಗಡಿ ಹಾಕಿ, ಕೆರೊಲಿನಾದವರು ಸಿಗಡಿಯ ಜೊತೆ ಉಣ್ಣುವ ಮೆಕ್ಕೆಜೋಳದ ನುಚ್ಚಿನ ಮೇಲೆ ಸುರಿಯುವುದೇ ಈ ಮಿಶ್ರ ಅಡುಗೆ.

ನಾಲ್ಕು ಜನಕ್ಕೆ ತಲೆ, ಸಿಪ್ಪೆ ಸಮೇತ ಮುಕ್ಕಾಲು ಕೆಜಿ ಮಧ್ಯಮ ಗಾತ್ರದ ಸಿಗಡಿ ಬೇಕು. ಕುಂದಾಪುರದವರು ಚಟ್ಲಿ ಎನ್ನಲಿ, ತುಳುವರು ಎಟ್ಟಿ ಎನ್ನಲಿ, ಬಿಡಿಸಿದ್ದನ್ನು ಮಾತ್ರ ತರಬೇಡಿ. ರುಚಿ ಇರುವುದೇ ಬಿಸಾಡುವ ಭಾಗದಲ್ಲಿ. ಬೆನ್ನಿನ ಕಪ್ಪು ನರ ತೆಗೆದು ಮಾಂಸಕ್ಕೆ ಚಿಟಿಕೆ ಉಪ್ಪು ಸವರಿ ಫ್ರಿಜ್ಜಿನಲ್ಲಿಡಿ. ತಲೆ, ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಕೆಂಪಾಗಿ ಘಮ ಬರುವವರೆಗೆ ನಾಲ್ಕೈದು ನಿಮಿಷ ಹುರಿದು, ಒಂದು ಲೀಟರ್ ನೀರು ಹಾಕಿ 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಸೌಟಿನಿಂದ ಒತ್ತಿ ಸೋಸಿ. ಗಂಟೆಗಟ್ಟಲೆ ಕುದಿಸಿದರೆ ಕಹಿಯಾಗುತ್ತದೆ.

ಶೇಂಗಾ 120 ಗ್ರಾಂ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ನೀರು ಸೋಕಿಸದೆ ಎಣ್ಣೆ ಬಿಡುವವರೆಗೆ ಮಿಕ್ಸಿಯಲ್ಲಿ ತಿರುವಿ. ಅಂಗಡಿಯ ಪೀನಟ್ ಬಟರ್ ಆದರೆ ಸಕ್ಕರೆ ಇಲ್ಲದ್ದೇ ಬೇಕು. ಸಿಹಿಯದ್ದನ್ನು ಹಾಕಿದರೆ ಸಾರು ಚಿಕ್ಕಿಯ ಪಾಕದಂತಾಗುತ್ತದೆ.

ಎರಡು ಈರುಳ್ಳಿಯನ್ನು ಮೂರು ಚಮಚ ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಹುರಿದು, ಒಂದಿಂಚು ಶುಂಠಿ, ಆರು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಬಣ್ಣಕ್ಕೆ ಒಂದು ಚಮಚ ಬ್ಯಾಡಗಿ ಪುಡಿ, ಆಮೇಲೆ ಮೂರು ಟೊಮೆಟೊ. ಟೊಮೆಟೊ ಕರಗಿ ಎಣ್ಣೆ ಬಿಡಬೇಕು, ಹತ್ತು ನಿಮಿಷವಾದರೂ ಬೇಕು. ಪಶ್ಚಿಮ ಆಫ್ರಿಕಾದಲ್ಲಿ ಹಣ್ಣಿನ ಘಮವಿರುವ, ತೀರಾ ಖಾರದ ಸ್ಕಾಚ್ ಬಾನೆಟ್ ಮೆಣಸನ್ನು ಇಡಿಯಾಗಿ ಹಾಕಿ ಕೊನೆಗೆ ತೆಗೆಯುವುದುಂಟು. ನಮ್ಮ ಹಸಿಮೆಣಸನ್ನೂ ಹಾಗೆಯೇ ಸೀಳದೆ ಹಾಕಬಹುದು, ಆ ಹಣ್ಣಿನಂಥ ವಾಸನೆ ಮಾತ್ರ ಬರದು. ಪಶ್ಚಿಮ ಆಫ್ರಿಕಾದ ಅಡುಗೆಮನೆಯ ಒಣ ಸಿಗಡಿ ಪುಡಿ ನಮ್ಮಲ್ಲೂ ಕಷ್ಟವಿಲ್ಲ: ಸಂತೆಯ ಒಣ ಸಿಗಡಿಯ ತಲೆ ಮುರಿದು, ಮರಳು ಕೊಡವಿ, ಬಾಣಲೆಯಲ್ಲಿ ಹುರಿದು ಪುಡಿಮಾಡಿ ಎರಡು ಚಮಚ ಹಾಕಿ. ಅದರಲ್ಲೇ ಉಪ್ಪಿರುವುದರಿಂದ ಸಾರಿನ ಉಪ್ಪನ್ನು ಕೊನೆಗೆ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಶೇಂಗಾ ಹಾಕುವಾಗ. ಮುದ್ದೆಯಾಗಿಯೇ ಪಾತ್ರೆಗೆ ಹಾಕಿದರೆ ಗಂಟಾಗಿ ತಳ ಹಿಡಿಯುತ್ತದೆ. ಬೇರೆ ಬಟ್ಟಲಲ್ಲಿಟ್ಟು ಸೋಸಿಟ್ಟ ಸಿಗಡಿ ಸಿಪ್ಪೆಯ ಬಿಸಿ ನೀರನ್ನು ಸೌಟು ಸೌಟಾಗಿ ಬೆರೆಸಿ. ಮೊದಲ ಸೌಟಿಗೆ ಅದು ತೆಳುವಾಗುವ ಬದಲು ಬಿಳಿಚಿಕೊಂಡು ಬಿರುಸಾಗುತ್ತದೆ. ಕೆಟ್ಟಿತೆಂದು ಗಾಬರಿ ಬೇಡ, ಎರಡನೆಯ, ಮೂರನೆಯ ಸೌಟಿಗೆ ಸಡಿಲಾಗಿ ಮಜ್ಜಿಗೆಯಂತಾಗುತ್ತದೆ. ಆಗ ಪಾತ್ರೆಗೆ ಸುರಿದು, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ತಳ ಕೆರೆಯುತ್ತಾ ಕುದಿಸಿ. ಮೇಲೆ ಕೆಂಪು ಎಣ್ಣೆಯ ಚುಕ್ಕಿಗಳು ತೇಲಬೇಕು. ನಿಮ್ಮ ಪುರವಣಿ ಅದನ್ನು ‘ಒಡೆದದ್ದು’ ಎಂದಿದೆ. ಶೇಂಗಾ ಬೆಂದದ್ದರ ಗುರುತೇ ಅದು.

ಗಲ್ಲಾ ಗೀಚಿ ಮನೆಗಳ ಬೆಂಡೆಕಾಯಿ ಸಾರಿಗೆ ಲೋಳೆಯೇ ಮಂದ ಕೊಡುತ್ತದೆ. ಇಲ್ಲಿ ಆ ಕೆಲಸಕ್ಕೆ ಶೇಂಗಾ ಇದೆ, ಎರಡೂ ಸೇರಿದರೆ ಅಂಟಾಗುತ್ತದೆ. ಹಾಗಾಗಿ 150 ಗ್ರಾಂ ಬೆಂಡೆಯನ್ನು ತೊಳೆದು, ಒರೆಸಿ, ಒಂದಿಂಚಿನ ತುಂಡು ಮಾಡಿ, ಕಾದ ಬಾಣಲೆಯಲ್ಲಿ ಕಪ್ಪು ಚುಕ್ಕೆ ಬೀಳುವಂತೆ ಹುರಿದು ಕೊನೆಯ ಐದು ನಿಮಿಷಕ್ಕೆ ಸೇರಿಸಿ.

ಸಿಗಡಿಯನ್ನು 20 ನಿಮಿಷ ಬೇಯಿಸಿ ಎಂದು ಬರೆದಿರುವುದನ್ನಂತೂ ಒಪ್ಪಲಾಗದು. ರಬ್ಬರ್ ಅಗಿಯಬೇಕಾದೀತು. ಎಲ್ಲ ಮುಗಿದ ಮೇಲೆ, ಕುದಿಯುವ ಸಾರಿಗೆ ಹಾಕಿ ಎರಡು ಮೂರು ನಿಮಿಷ, ಅಷ್ಟೆ. ಅರ್ಧಚಂದ್ರದಷ್ಟು ಬಾಗಿದರೆ ಹದ. ಕೋಡುಬಳೆಯಂತೆ ತುದಿಗೆ ತುದಿ ಮುಟ್ಟಿದರೆ ಹದ ಮೀರಿದೆ. ಒಲೆ ಆರಿಸಿದ ಮೇಲೂ ಸಾರಿನ ಬಿಸಿಗೆ ಬೇಯುತ್ತಲೇ ಇರುವುದರಿಂದ ಸ್ವಲ್ಪ ಮೊದಲೇ ಆರಿಸಿ. ಫ್ರೀಜರಿನ ಸಿಗಡಿಯಾದರೆ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸದಿದ್ದರೆ ಸಾರು ನೀರಾಗುತ್ತದೆ.

ನುಚ್ಚಿಗೆ ಒಂದು ಪಾಲು ಮೆಕ್ಕೆಜೋಳದ ದಪ್ಪ ರವೆ, ನಾಲ್ಕು ಪಾಲು ನೀರು, ಮುಕ್ಕಾಲು ಗಂಟೆಯ ಸಣ್ಣ ಉರಿ, ಕೊನೆಗೆ ಬೆಣ್ಣೆ. ಪುರವಣಿ ಸೂಚಿಸಿದ ಕಾರ್ನ್‌ಫ್ಲೋರ್ ಬರೀ ಪಿಷ್ಟ, ಅದರಿಂದ ಗೋಂದಾಗುತ್ತದೆಯೇ ಹೊರತು ನುಚ್ಚಾಗದು. ಜೋಳದ ನುಚ್ಚು ಉಣ್ಣುವ ಉತ್ತರ ಕರ್ನಾಟಕದವರಿಗೆ ಈ ಹದ ಹೇಳಿಕೊಡಬೇಕಿಲ್ಲ.

ತಿದ್ದುಪಡಿ ಪ್ರಕಟಿಸುವಾಗ ಒಂದು ಸಾಲು ದಪ್ಪಕ್ಷರದಲ್ಲಿರಲಿ: ಶೇಂಗಾ, ಸಿಗಡಿ ಎರಡೂ ಕೆಲವರಿಗೆ ಜೀವಕ್ಕೇ ಅಪಾಯ ತರುವಷ್ಟು ಅಲರ್ಜಿ ಉಂಟುಮಾಡುತ್ತವೆ, ಇಲ್ಲಿ ಎರಡೂ ಒಂದೇ ಪಾತ್ರೆಯಲ್ಲಿವೆ. ಬಡಿಸುವ ಮೊದಲು ಅತಿಥಿಗಳನ್ನು ಕೇಳಿಕೊಳ್ಳಿ.

– ಓದುಗರು, ಕುಂದಾಪುರ